ರಾಗಿ ಮೇಲೆ ಸ್ಪೋರ್ಟ್ ಮೋಡ್

ಎರಡು ಕಾರುಗಳೂ ಒಂದೇ ದಿನ, ಒಂದೇ ಹೊತ್ತಿಗೆ, ತನ್ನ ಮನೆ ಮುಂದೆಯೇ ಬಂದು ನಿಲ್ಲಬೇಕೆಂದು ತಳಿ ಊರಿನ ಆವುಲಪ್ಪ ಪಟ್ಟು ಹಿಡಿದದ್ದೇ ಎಲ್ಲಕ್ಕೂ ಮೂಲ. ಹಸಿರುಮನೆ ಕಟ್ಟಿ ಗುಲಾಬಿ ಬೆಳೆದು ಕೈ ತುಂಬಿಸಿಕೊಂಡಿದ್ದ ರೈತ ಆತ. ಎತ್ತು ಕೊಳ್ಳುವಾಗ ಎರಡನ್ನೂ ಅಕ್ಕಪಕ್ಕ ಕಟ್ಟಿ, ಹಲ್ಲು ಎಣಿಸಿ, ಹತ್ತು ಹೆಜ್ಜೆ ನಡೆಸಿ ನೋಡುವುದು ಅವರ ಮನೆತನದ ಪದ್ಧತಿ. ಎತ್ತಿಗೇ ಅಷ್ಟು ನೋಡುವವರು ಇಷ್ಟು ದೊಡ್ಡ ಕಾರಿಗೆ ನೋಡಬಾರದೇ ಎಂದು ಅವನು ಫೋನಿನಲ್ಲಿ ಕೇಳಿದಾಗ, ಹೊಸೂರಿನ ಐಷಾರಾಮಿ ಕಾರು ಶೋರೂಮಿನ ಮುರಳಿಕೃಷ್ಣ, ಕಾರಿಗೆ ಹಲ್ಲಿರುವುದಿಲ್ಲ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ವಾದಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮೂರು ತಿಂಗಳಿಂದ ಅವನ ಕೈಯಲ್ಲಿ ಒಂದು ಕಾರೂ ಬುಕ್ ಆಗಿರಲಿಲ್ಲ. ಅವನ ಮ್ಯಾನೇಜರ್ ಚಲಪತಿ ಮಾತನ್ನು ತಮಿಳಿನಲ್ಲಿ ಸ್ಟಾರ್ಟ್ ಮಾಡಿ, ಇಂಗ್ಲಿಷಿನಲ್ಲಿ ಗೇರ್ ಬದಲಿಸಿ, ಕನ್ನಡದಲ್ಲಿ ಡಿಕ್ಕಿ ಹೊಡೆಯುವ ಮನುಷ್ಯ. ಆ ಬೆಳಿಗ್ಗೆಯೂ ಹಾಗೇ ಆಯಿತು.

"ಇಂಗೆ ಪಾರು ಮುರಳಿ, ದಿಸ್ ಈಸ್ ಲಾಸ್ಟ್ ಚಾನ್ಸ್. ಸಾಯಂಕಾಲ ಆರರೊಳಗೆ ಒಂದು ಬುಕಿಂಗ್ ಬರ್ಲಿಲ್ಲಾ, ನಾಳೆಯಿಂದ ನೀನು ಟ್ರಾಕ್ಟರ್ ಶೆಡ್ಡು."

ಶೋರೂಮಿನ ಮಾಲೀಕರದೇ ಇನ್ನೊಂದು ವ್ಯಾಪಾರ ಅದು. ಕೃಷ್ಣಗಿರಿ ರಸ್ತೆಯಲ್ಲಿ ತಗಡಿನ ಶೆಡ್ಡು, ಒಳಗೆ ಸಾಲಾಗಿ ಟ್ರಾಕ್ಟರು. ಮುರಳಿಕೃಷ್ಣನಿಗೆ ಶೆಡ್ಡಿನ ಬಿಸಿಲಿನ ಭಯವಿರಲಿಲ್ಲ. ತನ್ನೂರು ಅಂಚೆಟ್ಟಿಯ ಹೊಲಗಳಲ್ಲಿ ಇಪ್ಪತ್ತು ವರ್ಷ ಬೆಂದು ಬಂದವನೇ ಅವನು. ಭಯವಿದ್ದದ್ದು ಭಾವಿ ಮಾವ ರಾಮಮೂರ್ತಿ ಮೇಷ್ಟ್ರದ್ದು. ಟ್ರಾಕ್ಟರಿನ ವಾಸನೆಯಿದ್ದ ಇಬ್ಬರು ವರರನ್ನು ಅವರು ಆಗಲೇ ಬಾಗಿಲಿನಿಂದ ಹಿಂದೆ ಕಳಿಸಿದ್ದರು. ಮಗಳು ಸರಿತಾಳನ್ನು ಕೊಡುವುದಾದರೆ ಎ.ಸಿ.ಯಲ್ಲಿ ಕೂತು ದುಡಿಯುವ ಅಳಿಯನಿಗೇ ಎಂಬುದು ಅವರ ಹಟ. ಮುಂದಿನ ತಿಂಗಳು ಮದುವೆ. ಇವತ್ತು ಬುಕಿಂಗ್ ತಪ್ಪಿದರೆ ಎ.ಸಿ. ತಪ್ಪುತ್ತದೆ, ಎ.ಸಿ. ತಪ್ಪಿದರೆ ಸರಿತಾ ತಪ್ಪುತ್ತಾಳೆ. ಟೆಸ್ಟ್ ಡ್ರೈವ್ ಕಾರಿನದು, ಟೆಸ್ಟ್ ಮಾತ್ರ ಮುರಳಿಕೃಷ್ಣನದು.

ಅವನು ಬೂದು ಬಣ್ಣದ ಕಾರನ್ನು ಆವುಲಪ್ಪನ ಮನೆ ಮುಂದೆ ನಿಲ್ಲಿಸುವ ಹೊತ್ತಿಗೆ, ಎದುರಾಳಿ ಶೋರೂಮಿನ ಭೈರೇಶ್ ಕೆಂಪು ಕಾರಿನೊಂದಿಗೆ ಆಗಲೇ ಹಾಜರಿದ್ದ. ಭೈರೇಶ್ ಮಾತಾಡಿದರೆ ವಿಮಾನದೊಳಗೆ ಬೆಲ್ಟು ಕಟ್ಟಿಕೊಳ್ಳಿ ಎನ್ನುವ ಹೆಣ್ಣುಮಗಳಿಗೆ ಮೀಸೆ ಬಂದ ಹಾಗೆ ಕೇಳಿಸುತ್ತಿತ್ತು. ಮುರಳಿಕೃಷ್ಣ ಅವನನ್ನು ಹುಣಸೆ ಮರದ ಹಿಂದೆ ಕರೆದೊಯ್ದು, ಮದುವೆಯ ಸಂಗತಿ, ಮೇಷ್ಟ್ರ ಎ.ಸಿ. ಹಟ, ಶೆಡ್ಡಿನ ಬೆದರಿಕೆ ಎಲ್ಲ ತೋಡಿಕೊಂಡು, ಇದೊಂದು ಗಿರಾಕಿಯನ್ನು ಬಿಟ್ಟುಕೊಡು ಎಂದು ಬೇಡಿದ. ಭೈರೇಶ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ಟೈ ಸರಿಮಾಡಿಕೊಂಡು, "ಆಲ್ ದಿ ಬೆಸ್ಟ್ ಸರ್, ಹ್ಯಾವ್ ಎ ಪ್ಲೆಸೆಂಟ್ ಡೇ," ಎಂದು ತನ್ನ ಕೆಂಪು ಕಾರಿನತ್ತ ನಡೆದ.

ಅಷ್ಟರಲ್ಲಿ ತರಕಾರಿ ಬೆಳೆಗಾರರ ಸಂಘದ ಹತ್ತು ಹನ್ನೆರಡು ಜನ ಬಂದು ಸುತ್ತ ನೆರೆದಿದ್ದರು. ಸಂಘಕ್ಕೆ ಆವುಲಪ್ಪನೇ ಅಧ್ಯಕ್ಷ. ಒಬ್ಬ ಟೈರಿಗೆ ಒದ್ದು ನೋಡಿದ. ಇನ್ನೊಬ್ಬ ಡಿಕ್ಕಿಯೊಳಗೆ ತಲೆ ಹಾಕಿ, ಎಲೆಕೋಸಿನ ಮೂಟೆ ಎಷ್ಟು ಹಿಡಿಸುತ್ತದೆಂದು ಮೊಳ ಹಾಕತೊಡಗಿದ. ಆವುಲಪ್ಪನ ತಾಯಿ ರಾಮಕ್ಕ ಕೆಂಪು ಕಾರಿನ ಮುಂದಿನ ಸೀಟಿನಲ್ಲಿ ಪ್ರತಿಷ್ಠಾಪನೆಗೊಂಡಳು. ಭೈರೇಶ್ ಅವಳನ್ನು ಮೆಚ್ಚಿಸಲೆಂದು ಸೀಟಿನ ಮಸಾಜ್ ಗುಂಡಿ ಒತ್ತಿದ್ದೇ ತಡ, ಅಜ್ಜಿ ಕಾರಿನಿಂದ ಇಳಿದು, ಒಳಗೆ ಯಾವನೋ ಅವಿತು ಕೂತು ಬೆನ್ನಿಗೆ ಗುದ್ದುತ್ತಿದ್ದಾನೆ ಎಂದು ಮಗನಿಗೆ ದೂರು ಕೊಟ್ಟಳು.

ಭೈರೇಶ್ ಎದೆಗುಂದಲಿಲ್ಲ. ಸೊನ್ನೆಯಿಂದ ನೂರಕ್ಕೆ ಬರೀ ಐದು ಸೆಕೆಂಡು ಎಂದ.

"ಅದಿರ್ಲಿ ಕಣಪ್ಪಾ," ಎಂದ ಆವುಲಪ್ಪ. "ನೂರರಿಂದ ಸೊನ್ನೆಗೆ ಎಷ್ಟು ಹೊತ್ತು? ಡೆಂಕಣಿಕೋಟೆ ರೋಡಲ್ಲಿ ಆನೆ ಅಡ್ಡ ಬಂದ್ರೆ ನಮ್ಗೆ ಅದಲ್ವಾ ಬೇಕಾಗಿರೋದು?"

ಭೈರೇಶನ ಪುಸ್ತಕದಲ್ಲಿ ಆನೆಯ ಪುಟ ಇರಲಿಲ್ಲ. ಅವನು ಟಾರ್ಕು, ಟ್ರಾಕ್ಷನ್ನು ಎಂದು ಇಂಗ್ಲಿಷಿನಲ್ಲಿ ಮಂತ್ರ ಶುರುಮಾಡಿದ. ನೆರೆದವರು ಪುರೋಹಿತರು ಹೇಳಿದ್ದಕ್ಕೆ ತಲೆ ಆಡಿಸುವಂತೆ ಆಡಿಸಿದರು. ಮುರಳಿಕೃಷ್ಣನಿಗೆ ತಡೆಯಲಾಗಲಿಲ್ಲ. ಕಂಪನಿಯವರು ಆರು ವಾರ ಕಲಿಸಿದ್ದ ಇಂಗ್ಲಿಷೆಲ್ಲ ಜಾರಿಹೋಗಿ, ಅಂಚೆಟ್ಟಿ ಬಾಯಿಗೆ ಬಂತು.

"ಟಾರ್ಕು ಅಂದ್ರೆ ಅಣ್ಣಾ, ಮೂಟೆ ತುಂಬಿದ ಗಾಡಿನ ಎತ್ತು ಮೊದಲ್ನೇ ಹೆಜ್ಜೆ ಕೀಳ್ತದಲ್ಲ, ಆ ದಮ್ಮು. ಆಮೇಲೆ ಓಡೋದು ಯಾವ ಎತ್ತಾದ್ರೂ ಓಡ್ತದೆ. ಟ್ರಾಕ್ಷನ್ನು ಅಂದ್ರೆ, ಕೆಸರಲ್ಲಿ ಒಂದು ಗಾಲಿ ಸುಮ್ನೆ ತಿರುಗ್ತಾ ಮೈಗಳ್ತನ ಮಾಡಿದ್ರೆ, ಅದ್ರ ಪಾಲಿನ ಬಲ ಕಿತ್ತು ಇನ್ನೊಂದು ಗಾಲಿಗೆ ಕೊಡೋದು."

ಗುಂಪಿನಲ್ಲಿ ಒಂದು ಗುಜುಗುಜು ಎದ್ದಿತು. ಟ್ರಾಕ್ಟರಿಗೂ ಇದೇ ಲೆಕ್ಕವೇ ಎಂದು ಯಾರೋ ಕೇಳಿದರು. ಕೇಳಿದವರನ್ನು ನಿರಾಸೆ ಮಾಡಬಾರದೆಂದು ಮುರಳಿಕೃಷ್ಣ ಅದನ್ನೂ ಬಿಡಿಸಿ ಹೇಳಿದ. ನೇಗಿಲ ಆಳ, ಡೀಸೆಲ್ಲಿನ ಹಸಿವು, ಇಳಿಜಾರಿನಲ್ಲಿ ಯಾವ ಗೇರು, ಎಲ್ಲ. ಅದೊಂದು ಕಾಲು ಗಂಟೆ ಅವನಿಗೆ ಟೈ ಕಟ್ಟಿಕೊಂಡಿರುವುದೇ ಮರೆತುಹೋಗಿತ್ತು.

ಇನ್ನು ಓಡಿಸಿ ನೋಡುವ ಹೊತ್ತು. ಊರಾಚೆ ಹೋಗಬೇಕೆಂದರೆ ರಸ್ತೆಯ ತುಂಬ ಪಕ್ಕದ ಮನೆ ಕೊಂಡಪ್ಪನ ರಾಗಿ ತೆನೆ ಹರಡಿತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ಆ ಕಡೆ ಟಾರು ರಸ್ತೆಯೇ ಕಣ. ಬಸ್ಸು, ಲಾರಿ, ಜೀಪು ಯಾವುದು ಬಂದರೂ ಅದರ ಗಾಲಿಯಲ್ಲೇ ಒಕ್ಕಣೆ. ದಾರಿ ಬಿಡಿಸಪ್ಪಾ ಎಂದು ಭೈರೇಶ್ ಕೇಳಿದ್ದಕ್ಕೆ, ಕೊಂಡಪ್ಪ ಎರಡೂ ಕಾರುಗಳ ಗಾಲಿಯನ್ನು ಬಗ್ಗಿ ನೋಡಿ, ಕಣ್ಣು ಅರಳಿಸಿದ.

"ಲೇ ಆವುಲಾ, ಟೈರು ನೋಡ್ಲಾ ಎಷ್ಟು ಅಗಲ ಐತೆ. ಅದೂ ಇದೂ ಏನಕ್ಲಾ, ಇದ್ರ ಮೇಲೆ ತಲಾ ಹತ್ತು ಸುತ್ತು ಹೊಡೆಸು. ಯಾವ್ದು ಚೆನ್ನಾಗಿ ಕಾಳು ಉದುರಿಸ್ತದೋ ಅದೇ ತಗೋ."

ಜನವೆಲ್ಲ ಇದೇ ನ್ಯಾಯವೆಂದಿತು. ಜರ್ಮನಿಯ ಎಂಜಿನಿಯರುಗಳು ಗಾಳಿಯನ್ನು ಸೀಳಲೆಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಟ್ಟಿದ ಎರಡು ಸ್ಪೋರ್ಟ್ಸ್ ಸೆಡಾನುಗಳು ಹೀಗೆ ಒಕ್ಕಣೆಗೆ ನಿಂತವು. ರಾಮಕ್ಕ ಮೊರ ಹಿಡಿದು ತೀರ್ಪುಗಾರಳಾಗಿ ಕೂತಳು.

ಮೊದಲು ಭೈರೇಶ್. ಅಬ್ಬರಕ್ಕೇ ಹಳ್ಳಿಯವರು ಸೋಲುವುದೆಂದುಕೊಂಡು ಅವನು ಸ್ಪೋರ್ಟ್ ಮೋಡ್ ಹಾಕಿ ಕಾಲು ಒತ್ತಿದ. ಕಾರು ಗುಡುಗಿತು. ಗಾಲಿ ಗಿರ್ರನೆ ತಿರುಗಿ, ಅರ್ಧ ತೆನೆ ಕೊಂಡಪ್ಪನ ಮೋರೆಗೂ, ಉಳಿದರ್ಧ ರಾಮಕ್ಕನ ತುರುಬಿಗೂ ಹಾರಿತು. ಮೂರನೇ ಸುತ್ತಿಗೆ ಹುಲ್ಲು ಕಾರಿನ ತಗ್ಗು ಹೊಟ್ಟೆಯಡಿ ಸುತ್ತಿಕೊಂಡು, ಸುಟ್ಟ ರೊಟ್ಟಿಯ ವಾಸನೆ ಬಂದು, ಕೆಂಪು ಕಾರು ಕೆಮ್ಮಿ ನಿಂತಿತು. ಪರದೆಯ ಮೇಲೆ ಏನೇನೋ ದೀಪ ಹತ್ತಿದವು. ರಾಮಕ್ಕ ಕೂದಲಿನಿಂದ ತೆನೆ ಕಿತ್ತುಕೊಳ್ಳುತ್ತ, "ಇದು ಒಕ್ಕಣೆ ಅಲ್ಲ ಕಣ್ಲಾ, ಊರು ಬಿಟ್ಟು ಓಡಿಸೋ ಏರ್ಪಾಡು," ಎಂದಳು.

ಮುರಳಿಕೃಷ್ಣ ಇಳಿದು, ತೆನೆಯನ್ನು ಕಾಲಿನಲ್ಲೇ ತೆಳ್ಳಗೆ ಹರಡಿದ. ಕಾರಿನ ಮೈಯನ್ನು ಗುಂಡಿ ಒತ್ತಿ ನಾಲ್ಕು ಬೆರಳು ಮೇಲೆತ್ತಿದ. ಸಣ್ಣ ಗೇರಿನಲ್ಲಿ, ಬಸುರಿ ನಡೆದ ಹಾಗೆ, ಮುಂದಕ್ಕೆ ಐದು ಸುತ್ತು, ಹಿಂದಿನ ಕ್ಯಾಮರಾ ನೋಡಿಕೊಂಡು ಹಿಂದಕ್ಕೆ ಐದು ಸುತ್ತು. ಎರಡು ಸುತ್ತಿಗೊಮ್ಮೆ ನಿಲ್ಲಿಸಿ ಹುಲ್ಲು ತಿರುವಿಸಿದ. ರಾಮಕ್ಕ ಮೊರದಲ್ಲಿ ಕೇರಿ, ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಒಂದೂ ನುಗ್ಗಾಗಿಲ್ಲ ಎಂದು ಸಾರಿದಳು.

ಆವುಲಪ್ಪ ಅಲ್ಲೇ, ಬೂದು ಕಾರಿನ ಬಾನೆಟ್ಟಿನ ಮೇಲೆ ಮೊಣಕೈ ಊರಿ, ಫೋನಿನಲ್ಲಿ ಮುಂಗಡ ಕಳಿಸಿದ. ಆಗ ಗಂಟೆ ಐದೂಕಾಲು. ಮುರಳಿಕೃಷ್ಣನಿಗೆ ಸರಿತಾ ತಲೆ ತುಂಬ ಹೂ ಮುಡಿದು ಎ.ಸಿ. ಗಾಳಿಯಲ್ಲಿ ನಿಂತಂತೆ ಕಾಣಿಸಿತು. ಅವನು ಚಲಪತಿಗೆ ಫೋನು ಮಾಡಿ ಸುದ್ದಿ ಹೇಳುತ್ತಿದ್ದಂತೆ, ನಾನೂ ಎರಡು ಮಾತಾಡುತ್ತೇನೆಂದು ಆವುಲಪ್ಪ ಫೋನು ಇಸಿದುಕೊಂಡು, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ.

"ಸಾರ್, ನಿಮ್ಮ ಹುಡ್ಗ ಬಂಗಾರ."

ಮುರಳಿಕೃಷ್ಣ ವಿನಯದಿಂದ ನೆಲ ನೋಡಿದ.

"ಇವನು ಹೇಳೋ ಹಂಗೆ ಯಾರೂ ಹೇಳಲ್ಲ. ನಮ್ಮ ಸಂಘಕ್ಕೆ ಎಂಟು ಟ್ರಾಕ್ಟರು ಬೇಕು ಅಂತ ಒಂದು ವರ್ಷದಿಂದ ಒದ್ದಾಡ್ತಾ ಇದೀವಿ. ನಿಮ್ಮ ಶೆಡ್ಡೋರು ಬಂದು ಪೇಪರ್ ಓದ್ಬುಟ್ಟು ಹೋಗ್ತಾರೆ, ಯಾರಿಗೂ ತಿಳಿಯಲ್ಲ. ಇವತ್ತು ಇವನ ಬಾಯಲ್ಲಿ ಕೇಳಿ ಎಲ್ರೂ ಒಪ್ಬುಟ್ರು. ಎಂಟೂ ನಿಮ್ಮ ಹತ್ರಾನೇ ತಗೋತೀವಿ. ಆದ್ರೆ ಇವನು ಅಲ್ಲೇ ಶೆಡ್ಡಲ್ಲಿ ಇರ್ಬೇಕು. ಇವನಿಲ್ದಿದ್ರೆ ನಾವೂ ಇಲ್ಲ."

ಮುರಳಿಕೃಷ್ಣ ಫೋನು ಕಿತ್ತುಕೊಳ್ಳುವಷ್ಟರಲ್ಲಿ ಅದರೊಳಗಿಂದ ಚಲಪತಿಯ ಆನಂದ ಉಕ್ಕಿ ಹರಿಯುತ್ತಿತ್ತು. "ರೊಂಬ ಸಂತೋಷಂ. ಮುರಳಿ, ಕಂಗ್ರಾಜುಲೇಷನ್ಸ್. ನಾಳೆ ಬೆಳಿಗ್ಗೆ ಎಂಟಕ್ಕೆ ಟ್ರಾಕ್ಟರ್ ಶೆಡ್ಡಿಗೆ ನೀನೇ ಇನ್‌ಚಾರ್ಜು."

"ಸಾರ್, ಆರರೊಳಗೆ ಬುಕಿಂಗ್ ತಂದ್ನಲ್ಲ ಸಾರ್."

"ಅದಕ್ಕೇ ಕಣೋ ಇನ್‌ಚಾರ್ಜು. ತರದೇ ಇದ್ದಿದ್ರೆ ಹೆಲ್ಪರ್ರು."

ಸಂಘದವರು ಚಪ್ಪಾಳೆ ತಟ್ಟಿದರು. ರಾಮಕ್ಕ ಅವನ ಕೆನ್ನೆ ನೀವಿ ನೆಟಿಕೆ ಮುರಿದಳು. ಅವನು ಹುಣಸೆ ಮರಕ್ಕೆ ಒರಗಿ, ಉಗುಳಲೂ ನುಂಗಲೂ ಆಗದ ಮುಖ ಹೊತ್ತು ನಿಂತಿದ್ದಾಗ, ಕಾರಿನಡಿಯಿಂದ ಹುಲ್ಲು ಎಳೆದೂ ಎಳೆದೂ ಬಸವಳಿದಿದ್ದ ಭೈರೇಶ್ ಹತ್ತಿರ ಬಂದ. ವಿಮಾನ ಕೆಳಗಿಳಿದು ನೆಲದ ಕನ್ನಡ ಮಾತಾಡಿತು.

"ಅಣ್ಣಾ, ನನ್ನ ಮ್ಯಾನೇಜರು ಈಗ ತಾನೇ ಫೋನಲ್ಲೇ ಕೆಲ್ಸದಿಂದ ಕಿತ್ತಾಕ್ಬುಟ್ಟ. ನಿಮ್ಮ ಶೋರೂಮಲ್ಲಿ ನಾಳೆಯಿಂದ ಒಂದು ಜಾಗ ಖಾಲಿ ಅಲ್ವಾ? ನಿಮ್ಮ ಸಾರ್ ನಂಬರ್ ಕೊಡಣ್ಣ."

ಸೋತವನ ಮೇಲೆ ಸೋತವನಿಗೆ ಮರುಕ ಬಂತು. ಮುರಳಿಕೃಷ್ಣ ಕೊಟ್ಟ.

ಭೈರೇಶ್ ಅದನ್ನು ಬರೆದುಕೊಂಡು, ಸ್ವಲ್ಪ ತಡೆದು, ಸಂಕೋಚದಿಂದ ಟೈ ತುದಿ ತಿರುಚುತ್ತ ಹೇಳಿದ: "ಹಂಗೇ... ಆ ರಾಮಮೂರ್ತಿ ಮೇಷ್ಟ್ರ ನಂಬರೂ ಇದ್ರೆ ಕೊಟ್ಬುಡಣ್ಣ. ಎ.ಸಿ.ಲಿ ಕೂತ್ಕೊಳ್ಳೋ ಹುಡ್ಗನೇ ಬೇಕು ಅಂದ್ರಂತಲ್ಲ."