ಆಟೋಮ್ಯಾಟಿಕ್ ಗೇರಿನ ಪಂಚಾಯಿತಿ

ಲಾಂಡ್ರಿ ಅಣ್ಣನ ವ್ಯಾನು ಅಂದು ಬೆಳಿಗ್ಗೆ ಮನೆ ಮುಂದಿನ ಸಣ್ಣ ಏರನ್ನು ಹತ್ತಲು ಒಲ್ಲೆ ಎಂದಿತು. ಆಕ್ಸಿಲರೇಟರ್ ತುಳಿದರೆ ಎಂಜಿನ್ನು ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಚಕ್ರಗಳು ಮಾತ್ರ ಆ ಗದ್ದಲಕ್ಕೂ ತಮಗೂ ಸಂಬಂಧವಿಲ್ಲ ಎನ್ನುವಂತೆ ತೆವಳುತ್ತಿದ್ದವು. ಹತ್ತೊಂಬತ್ತು ವರ್ಷದ ಮುದಿ ವ್ಯಾನು. ಕ್ಲಚ್ ತುಳಿಯುವ ರಗಳೆಯೇ ಇಲ್ಲ, ಗೇರು ತಾನಾಗಿ ಬೀಳುತ್ತದೆ ಎಂದು ಹಿಂದಿನ ಮಾಲೀಕ ಹಾಡಿ ಹೊಗಳಿ ಇವನ ತಲೆಗೆ ಕಟ್ಟಿದ್ದ. ಈಗ ಅದು ತಾನಾಗಿ ಬೀಳುವುದನ್ನು ತಾನಾಗಿಯೇ ನಿಲ್ಲಿಸಿತ್ತು.

ಕೆಡುವುದಕ್ಕೆ ಬೇರೆ ದಿನವೇ ಸಿಗಲಿಲ್ಲವೇ ಈ ದರಿದ್ರಕ್ಕೆ? ಮರುದಿನ ಬೆಳಿಗ್ಗೆ ಎಂಟಕ್ಕೆ ದೊಡ್ಡಾಸ್ಪತ್ರೆಗೆ ಇಸ್ತ್ರಿಯಾದ ಮುನ್ನೂರು ಬೆಡ್‌ಶೀಟು ತಲುಪಿಸಬೇಕಿತ್ತು. ಎರಡು ವರ್ಷ ಚಪ್ಪಲಿ ಸವೆಸಿ ಹಿಡಿದ ಗಿರಾಕಿ. ಮೊದಲ ದಿನವೇ ತಡವಾದರೆ ಕೆಲಸ ಹಿಂದಿನ ಬೀದಿಯ ಲಾಂಡ್ರಿಗೆ ಹೋಗುತ್ತದೆ ಎಂದು ಅಲ್ಲಿನ ಮೇಲ್ವಿಚಾರಕಿ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಬಾಡಿಗೆ ಗಾಡಿ ತರೋಣವೆಂದರೆ, ಆಸ್ಪತ್ರೆಯ ಗೇಟ್ ಪಾಸಿನಲ್ಲಿ ಈ ವ್ಯಾನಿನ ನಂಬರೇ ಕೂತಿತ್ತು.

ಬೀದಿಯ ಕೊನೆಯಲ್ಲಿ ಕನ್ನಡಕದ ಮೇಸ್ತ್ರಿಯ ಗಾಡಿ ರಿಪೇರಿ ಶೆಡ್ಡು. ಅಲ್ಲಿಯವರೆಗೆ ವ್ಯಾನು ಹೇಗೋ ತೆವಳಿತು. ಮೇಸ್ತ್ರಿ ಗೇರ್ ಎಣ್ಣೆಯ ಕಡ್ಡಿ ಎಳೆದು ಮೂಸಿದರು, ಎರಡು ಬೆರಳ ನಡುವೆ ಎಣ್ಣೆ ತಿಕ್ಕಿ ನೋಡಿದರು.

"ಎಣ್ಣೆ ಹೊತ್ತಿ ಕಪ್ಪಾಗಿದೆ ಕಣಪ್ಪ. ಗೇರ್‌ಬಾಕ್ಸ್ ಗಟ್ಟಿಯಾಗೇ ಇದೆ. ಕೆಳಗಿನ ತಟ್ಟೆ ಬಿಚ್ಚಿ, ಫಿಲ್ಟರ್ ಬದಲಾಯಿಸಿ, ವಾಲ್ವ್ ತೊಳೆದು ಹಾಕ್ತೀನಿ. ಸಂಜೆ ಐದಕ್ಕೆ ಬಂದು ತಗೊಂಡು ಹೋಗು."

"ಪೂರ್ತಿ ಬಿಚ್ಚಿ ಹೊಸದು ಮಾಡೋದು ಬೇಡ್ವಾ?"

"ಹಲ್ಲು ನೋವು ಅಂದ್ರೆ ತಲೆ ಬಿಚ್ತಾರಾ?"

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಲಾಂಡ್ರಿ ಅಣ್ಣನ ಬೆನ್ನಿಗೆ ಇಬ್ಬರು ಬಂದಿದ್ದರಲ್ಲ! ಒಬ್ಬ ಅವನ ಹೆಂಡತಿಯ ತಮ್ಮ. ಇನ್ನೊಬ್ಬರು ಮಹಡಿ ಮನೆಯ ನಿವೃತ್ತ ಹೆಡ್ ಕ್ಲರ್ಕು. ಜನ್ಮದಲ್ಲಿ ಒಂದು ಸೈಕಲ್ಲನ್ನೂ ಇಟ್ಟವರಲ್ಲ, ಆದರೆ ಪೇಪರಿನಲ್ಲಿ ಬರುವ ಕಾರಿನ ಪುಟವನ್ನು ಒಂದು ವಾರವೂ ತಪ್ಪಿಸಿದವರಲ್ಲ.

"ಮೂಸಿ ನೋಡಿ ಹೇಳೋಕೆ ಇದೇನು ಹಾಲೇನ್ರೀ?" ಎಂದು ಹೆಡ್ ಕ್ಲರ್ಕು ಕಿವಿಯಲ್ಲಿ ಊದಿದರು. "ಆಟೋಮ್ಯಾಟಿಕ್ ಅಂದ್ರೆ ಕಂಪ್ಯೂಟರ್ ಹಾಕಿ ನೋಡ್ಬೇಕು. ಇವ್ರು ಸೈಕಲ್ ಪಂಕ್ಚರ್‌ಗೆ ಸರಿ."

"ಹೌದು ಭಾವ," ಎಂದ ಭಾಮೈದ. "ಮೇನ್ ರೋಡಲ್ಲಿ ಗಾಜಿನ ಗ್ಯಾರೇಜ್ ಇದೆ. ಒಳಗೆ ಎಸಿ. ಅಲ್ಲಿ ನೆಲ ನಮ್ಮನೆ ತಟ್ಟೆಗಿಂತ ಕ್ಲೀನು."

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ಮಾಡಿಸೋದಾದ್ರೆ ಪೂರ್ತಿ ಮಾಡ್ಸಿ. ಸಣ್ಣ ರಿಪೇರಿ ಅಂತ ಮಿಕ್ಸೀನ ಮೂರು ಸಲ ಹೊತ್ಕೊಂಡು ಹೋದ್ರಿ, ಏನಾಯ್ತು?"

ಮಿಕ್ಸಿಗೇನಾಯಿತೆಂದು ಇಡೀ ಮನೆಗೆ ಗೊತ್ತಿತ್ತು. ಲಾಂಡ್ರಿ ಅಣ್ಣನಿಗೆ ಮೈ ಪರಚಿಕೊಳ್ಳುವಂತಾಯಿತು. ರಿಪೇರಿ ಸಾಕು ಎಂದ. ಬೇಡ, ಪೂರ್ತಿ ಎಂದ. ಮತ್ತೆ ರಿಪೇರಿ ಎಂದ. ಮೇಸ್ತ್ರಿ ಇವರ ಗೊಡವೆ ಬಿಟ್ಟು ಸ್ಪ್ಯಾನರು ಹಿಡಿದು ವ್ಯಾನಿನಡಿ ನುಸುಳಿಯೇಬಿಟ್ಟರು.

"ಮುಟ್ಟಬೇಡಿ, ಮುಟ್ಟಬೇಡಿ!" ಎಂದು ಹೆಡ್ ಕ್ಲರ್ಕು ಕೂಗಿಕೊಂಡರು.

ಮೇಸ್ತ್ರಿ ಹೊರಗೆ ಜಾರಿ ಬಂದು ಲಾಂಡ್ರಿ ಅಣ್ಣನ ಮುಖ ನೋಡಿದರು. ಎಲ್ಲರೂ ಅವನ ಮುಖವನ್ನೇ ನೋಡಿದರು. ಬೆಳಗಿನಿಂದ ಮೂವರು ತಲೆ ತಿಂದ ಸಿಟ್ಟೆಲ್ಲ, ತಲೆ ತಿನ್ನದಿದ್ದ ಒಬ್ಬರ ಮೇಲೆ ಹೋಗಿ ಬಿತ್ತು.

"ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ ಮೇಸ್ತ್ರಿ! ನೀವು ಸೈಕಲ್ ಪಂಕ್ಚರ್ ನೋಡ್ಕೊಳ್ಳಿ!"

ಮಾತು ಹೆಡ್ ಕ್ಲರ್ಕಿನದು, ಬಾಯಿ ಇವನದು. ಮೇಸ್ತ್ರಿ ಕೈ ಒರೆಸಿಕೊಂಡು "ಸರಿಯಪ್ಪ" ಎಂದರು, ಅಷ್ಟೇ. ಲಾಂಡ್ರಿ ಅಣ್ಣನಿಗೆ ಆಗಲೇ ನಾಚಿಕೆಯಾಗಿತ್ತು, ಆದರೆ ವ್ಯಾನು ಎಳೆಯಲು ಭಾಮೈದ ಗಾಡಿ ಕರೆಸಿಯಾಗಿತ್ತು.

ಗಾಜಿನ ಗ್ಯಾರೇಜಿನಲ್ಲಿ ಸೋಫಾ ಇತ್ತು, ಕಾಫಿ ಬಂತು. ಟೈ ಕಟ್ಟಿದ ಮ್ಯಾನೇಜರು ವ್ಯಾನಿಗೊಂದು ವೈರು ಸಿಕ್ಕಿಸಿದ. ಪರದೆಯ ಮೇಲೆ ಕೆಂಪು ಗೆರೆಗಳು ಕುಣಿದವು.

"ಪೂರ್ತಿ ಬಿಚ್ಚಿ ರಿಬಿಲ್ಡ್ ಮಾಡ್ಬೇಕು ಸರ್. ಒಂದು ವರ್ಷ ಗ್ಯಾರಂಟಿ."

"ನೋಡಿದ್ರಾ?" ಎಂದು ಹೆಡ್ ಕ್ಲರ್ಕು ತಾವೇ ಕಂಪ್ಯೂಟರು ಕಂಡುಹಿಡಿದವರಂತೆ ಬೀಗಿದರು. ಲಾಂಡ್ರಿ ಅಣ್ಣ ಸಹಿ ಹಾಕಿದ. ಮೂರು ಗಂಟೆಯ ಹೊತ್ತಿಗೆ ಗೇರ್‌ಬಾಕ್ಸು ವ್ಯಾನಿನಿಂದ ಕಳಚಿ ಬಂದಿತ್ತು.

"ನಾಳೆ ಎಂಟು ಗಂಟೆಯೊಳಗೆ ಆಗತ್ತಾ?"

ಮ್ಯಾನೇಜರು ಟೈ ಸಡಿಲಿಸಿದ. "ಅದು ನಮ್ಮ ಎಕ್ಸ್‌ಪರ್ಟ್ ಕೈಲಿದೆ ಸರ್. ಇಡೀ ಊರಲ್ಲಿ ಆಟೋಮ್ಯಾಟಿಕ್ ಬಿಚ್ಚೋರು ಅವರೊಬ್ಬರೇ, ಎಲ್ಲಾ ಗ್ಯಾರೇಜ್‌ನೋರೂ ಅವರ ಹತ್ರಾನೇ ಕಳಿಸೋದು. ಗೇರ್‌ಬಾಕ್ಸ್ ಜೊತೆಗೆ ನೀವೇ ಹೋಗಿ ಒಂದು ಮಾತು ಹೇಳಿ. ಮನಸ್ಸು ಮಾಡಿದ್ರೆ ಕೂತು ಮುಗಿಸಿಕೊಡ್ತಾರೆ. ಸ್ವಲ್ಪ ಸ್ವಾಭಿಮಾನಿ ಮನುಷ್ಯ, ನಯವಾಗಿ ಮಾತಾಡಿ."

ಸಲಹೆಗಾರರಿಬ್ಬರೂ ಊಟದ ನೆಪ ಹೇಳಿ ಜಾಗ ಖಾಲಿ ಮಾಡಿದರು. ಲಾಂಡ್ರಿ ಅಣ್ಣ ಲಗೇಜ್ ಆಟೋದಲ್ಲಿ, ಎಣ್ಣೆ ಸೋರುವ ಗೇರ್‌ಬಾಕ್ಸನ್ನು ತಬ್ಬಿಕೊಂಡು ಕೂತ. ದಾರಿಯುದ್ದಕ್ಕೂ ನಯವಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಆಟೋ ಎರಡು ಸರ್ಕಲ್ ದಾಟಿ ಅವನದೇ ಬೀದಿಗೆ ತಿರುಗಿತು.

"ಈ ಕಡೆ ಯಾಕಪ್ಪ?"

"ಅಡ್ರೆಸ್ ಇದೇ ಅಣ್ಣ. ವಾರಕ್ಕೆ ಮೂರು ಸಲ ಬರ್ತೀನಿ," ಎನ್ನುತ್ತಾ ಆಟೋದವನು ಕನ್ನಡಕದ ಮೇಸ್ತ್ರಿಯ ಶೆಡ್ಡಿನ ಮುಂದೆ ಬ್ರೇಕು ಒತ್ತಿದ.

ಗಾಜಿನ ಗ್ಯಾರೇಜಿನವರು ಗೇರ್‌ಬಾಕ್ಸಿನ ಜೊತೆ ಕಳಿಸಿದ್ದ ಚೀಟಿಯನ್ನು ಮೇಸ್ತ್ರಿ ಓದಿದರು. ಲಾಂಡ್ರಿ ಅಣ್ಣ ಜೋಡಿಸಿಟ್ಟ ನಯವಾದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಮೇಸ್ತ್ರಿ... ತಪ್ಪಾಯ್ತು. ಬೆಳಿಗ್ಗೆ ಹೇಳಿದ್ರಲ್ಲ, ಆ ರಿಪೇರೀನೇ ಸಾಕು."

"ಚೀಟೀಲಿ ಪೂರ್ತಿ ಬಿಚ್ಚಬೇಕು ಅಂತಿದೆ. ನನ್ನ ಗಿರಾಕಿ ಈಗ ಗಾಜಿನವರು. ಅವರು ಬರೆದ ಹಾಗೆ ಮಾಡ್ತೀನಿ." ಮೇಸ್ತ್ರಿ ಶೆಡ್ಡಿನ ಹಿಂದಿನ ಟಾರ್ಪಾಲು ಎತ್ತಿದರು. ಅಲ್ಲಿ ಏಳು ಗೇರ್‌ಬಾಕ್ಸುಗಳು ಸಾಲಾಗಿ ಕೂತಿದ್ದವು. "ಇವೆಲ್ಲಾ ಆದ್ಮೇಲೆ ನಿಂದು. ಹನ್ನೆರಡು ದಿನ ಆಗಬಹುದು."

"ಬೆಳಿಗ್ಗೆ ಈ ಸಾಲು ಹೇಳಲೇ ಇಲ್ವಲ್ಲ ನೀವು!"

"ಬೆಳಿಗ್ಗೆ ನೀನು ನಮ್ಮ ಬೀದಿಯವನಾಗಿ ಬಂದಿದ್ದೆ ಕಣಪ್ಪ."

ಮೇಸ್ತ್ರಿ ಸೀಮೆಸುಣ್ಣ ತೆಗೆದು ಗೇರ್‌ಬಾಕ್ಸಿನ ಮೇಲೆ ದೊಡ್ಡದಾಗಿ ಎಂಟು ಎಂದು ಬರೆದರು. ಆಮೇಲೆ ಅದನ್ನು ಏಳನೆಯದರ ಪಕ್ಕಕ್ಕೆ ಸಾಗಿಸಲು, ಆ ಕಡೆಯಿಂದ ಒಂದು ಕೈ ಹಿಡಿ ಎಂದು ಲಾಂಡ್ರಿ ಅಣ್ಣನಿಗೇ ಹೇಳಿದರು.