ಇಟಲಿ ಹಾಡಿಗೆ ಆರತಿ ಎತ್ತಿದ್ದು

ಓದು ಬರಹ ಹೆಚ್ಚಿಲ್ಲದವರಿಗೆ ಒಂದು ಅನುಕೂಲವಿದೆ. ಗೊತ್ತಿಲ್ಲದ ಹಾಡಿಗೆ ಬೇಕಾದ ಅರ್ಥ ಹಚ್ಚಿಕೊಳ್ಳಬಹುದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಈ ಅನುಕೂಲವನ್ನು ಸ್ವಲ್ಪ ಹೆಚ್ಚಾಗಿಯೇ ಬಳಸಿಕೊಂಡೆ.

ಮೂರು ತಿಂಗಳಿಗೆಂದು ಮಲೇಶಿಯಾದ ಪೆಟಾಲಿಂಗ್ ಜಯಾದಲ್ಲಿರುವ ಮಗಳ ಮನೆಗೆ ಬಂದವಳು ಕೊರೊನಾದಿಂದ ಇಲ್ಲೇ ಉಳಿದೆ. ಮಗಳು, ಅಳಿಯ ಒಂದೊಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತರೆ ಹೊರಗೆ ಉಳಿಯುವವರು ನಾನು, ಒಂಬತ್ತು ವರ್ಷದ ಮೊಮ್ಮಗಳು ಇಂಚರ. ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ಉತ್ತರ ಮಾತ್ರ ಇಲ್ಲಿಯವರ ಹಾಗೆ ಕೊನೆಗೊಂದು ಲಾ ಹಚ್ಚಿದ ಇಂಗ್ಲಿಷಿನಲ್ಲಿ. ನಮ್ಮ ಮಾತುಕತೆ ಊಟ ಆಯ್ತಾ, ಎಸ್ ಎನ್ನುವುದನ್ನು ದಾಟಿರಲಿಲ್ಲ. ಇಷ್ಟು ಹತ್ತಿರವಿದ್ದೂ ಮಗು ಕೈಗೆ ಸಿಗಲಿಲ್ಲವಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದೆ.

ಒಂದು ದಿನ ಅವಳು ಫೋನಿನಲ್ಲಿ ಒಂದು ಹಾಡು ಹಾಕಿದಳು. ಕರೀ ಕೋಟಿನ ದಪ್ಪನೆಯ ಮನುಷ್ಯ, ದೊಡ್ಡ ದೊಡ್ಡ ರಂಗಮಂದಿರಗಳಲ್ಲಿ ಒಪೆರಾ ಹಾಡುವವನಂತೆ. ಇಟಲಿಯ ಯಾವುದೋ ಮೂಲೆಯ ಹಳ್ಳಿಯವರ ಹಳೇ ಪದವನ್ನು ಅವರ ನುಡಿಯಲ್ಲೇ ಹಾಡಿ ಲೋಕಕ್ಕೆಲ್ಲ ಹಿಡಿಸಿದನಂತೆ. ಎದೆಯ ಮೇಲೆ ಕೈ, ಮುಖ ಮೇಲಕ್ಕೆ, ಕಣ್ಣಲ್ಲಿ ನೀರು. ದೇವರನ್ನಲ್ಲದೆ ಇನ್ನಾರನ್ನು ಹೀಗೆ ಕರೆಯುತ್ತಾರೆ? ಕೈ ಮುಗಿದೆ. ಆ ಧಾಟಿಗೆ ಬಾರೋ ಬೆಣ್ಣೆಗಳ್ಳ ಎಂದು ಕೃಷ್ಣನ ಮೇಲೆ ನಾಲ್ಕು ಸಾಲು ಕಟ್ಟಿದೆ. ಇಂಚರ ನನ್ನ ಧಾಟಿ ತಿದ್ದಿದಳು, ನಾನು ಅವಳ ಕನ್ನಡ ತಿದ್ದಿದೆ. ಬೆಣ್ಣೆಗಳ್ಳ ಎಂಬ ಮಾತು ಅವಳ ಬಾಯಲ್ಲಿ ನೆಟ್ಟಗೆ ಹೊರಟ ದಿನ ಪಾಯಸ ಮಾಡಿದೆ. ಅಷ್ಟಕ್ಕೇ ಸುಮ್ಮನಿದ್ದೆನೇ? ಆ ಇಟಲಿಯವನ ವಿಡಿಯೊ ಮೈಸೂರಿನ ನಮ್ಮ ಭಜನಾ ಮಂಡಳಿಗೂ ಕಳಿಸಿ, ವಿಡಿಯೊ ಕಾಲಿನಲ್ಲಿ ನನ್ನ ಹಾಡು ಕಲಿಸಿಬಿಟ್ಟೆ.

ನಾಲ್ಕು ಶುಕ್ರವಾರ ಅವರೆಲ್ಲ ಅದಕ್ಕೇ ಆರತಿ ಎತ್ತಿದರು. ಆಮೇಲೆ ಇಂಚರ ಎಲ್ಲಿಯೋ ಅದರ ಅರ್ಥ ಓದಿ ಬಿದ್ದು ಬಿದ್ದು ನಕ್ಕಳು.

"ಅಜ್ಜಿ, ಇಟ್ಸ್ ಎ ಲವ್ ಸಾಂಗ್ ಲಾ. ಅವನು ಹುಡುಗೀನ ಕಿಟಕಿ ಹತ್ರ ಬಾ ಅಂತಿದಾನೆ."

ಆರತಿ ಎತ್ತಿದವರ ನೆನಪಾಗಿ ಮುಖ ಮುಚ್ಚಿಕೊಂಡು ಒಳಗೆ ಓಡಿದೆ. ಅರ್ಧ ಮಾತನ್ನು ಅವಳು ಕನ್ನಡದಲ್ಲಿ ಆಡಿದ್ದಳೆಂದು ಹೊಳೆದದ್ದು ಸ್ನಾನದ ಮನೆಯಲ್ಲಿ. ಅಲ್ಲೇ ನಿಂತು ಖುಷಿಗೆ ಅತ್ತೆ. ಹಾಡು ನಿಲ್ಲಿಸಿದರೆ ಮಗು ಮತ್ತೆ ಎಸ್, ನೋ ಎಂದು ದೂರವಾದರೆ? ಮುಚ್ಚಿಟ್ಟು ಹಾಡಿದರೆ ಮಡಿ ಹೆಂಗಸರಿಗೆ ಮೋಸ. ಶುಕ್ರವಾರ ವಿಡಿಯೊ ಕಾಲಿನಲ್ಲಿ ಎಲ್ಲರೆದುರು ಅದು ಪ್ರೇಮದ ಹಾಡೆಂದು ಒಪ್ಪಿಕೊಂಡೆ. ಮೊದಲು ಮಾತಾಡಿದವಳು ಮಂಡಳಿಯ ಹಿರಿಯಳು ಸರೋಜಮ್ಮ.

"ವಿಡಿಯೊ ನೋಡಿದ ದಿನಾನೇ ಗೊತ್ತಾಯ್ತು ಕಣೇ. ಗಂಡಸು ದೇವರ ಮುಂದೆ ಅಷ್ಟು ಅಂಗಲಾಚೋದು ನಾನಂತೂ ಕಂಡಿಲ್ಲ. ಚೆನ್ನಾಗಿದೆ, ಹಾಡು."

ಉಳಿದವರೆಲ್ಲ ತಲೆಯಾಡಿಸಿದರು. ಅಂದರೆ ಇಷ್ಟು ದಿನ ಬರೀ ಭಕ್ತಿಯಿಂದ ಹಾಡುತ್ತಿದ್ದವಳು ನಾನೊಬ್ಬಳೇ.

"ಅಜ್ಜಿ, ಶುರು ಮಾಡು" ಎಂದಳು ಇಂಚರ. ಶುರು ಮಾಡಿದೆ. ಆದರೆ ಬಾರೋ ಎನ್ನುವಾಗ ಕಣ್ಣ ಮುಂದೆ ಬಂದದ್ದು ಕೃಷ್ಣನಲ್ಲ, ಎಂಟು ವರ್ಷದ ಹಿಂದೆ ತೀರಿಕೊಂಡ ನಮ್ಮ ಯಜಮಾನರು. ಬದುಕಿದ್ದಾಗ ಊಟಕ್ಕೂ ಅವರನ್ನು ಇಷ್ಟು ಇಂಪಾಗಿ ಕರೆದವಳಲ್ಲ ನಾನು.