ಗೋಡೆಯ ಮೇಲಿನ ಐದನೇ ಹೆಸರು

ಮಸ್ಕಿಯ ಬಜಾರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬಟ್ಟೆ ಕೊಡಲು ಬರುವವರಿಗಿಂತ ಬೆಂಚಿನ ಮೇಲೆ ಕೂತು ವಾದ ಮಾಡಲು ಬರುವವರೇ ಅಲ್ಲಿ ಯಾವತ್ತೂ ಹೆಚ್ಚು. ನಾನು ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಎಬ್ಬಿಸುವುದೂ ಇಲ್ಲ. ನಮಾಜಿನ ಹೊತ್ತಿಗೆ ಏಳುತ್ತೇನೆ, ಉಳಿದ ಹೊತ್ತು ಮಷೀನು ತುಳಿಯುತ್ತೇನೆ. ನಡುವೆ ನಗಲಿಕ್ಕೆ ಎಷ್ಟು ಬೇಕೋ ಅಷ್ಟನ್ನು ಅಲ್ಲಾಹನೇ ಆ ಬೆಂಚಿನ ಮೇಲೆ ತಂದು ಕೂರಿಸುತ್ತಾನೆ. ಈ ಸಲ ಕೂರಿಸಿದ್ದು ನಮ್ಮೂರ ಹಳೆಯ ಫುಟ್‌ಬಾಲ್ ತಂಡದ ಅಭಿಮಾನಿಗಳನ್ನು.

ಎಮ್ಮೆ ಹಾಕಿದ ಗೆರೆ

ತಂಡ ಮುರಿದು ಮೂವತ್ತು ವರ್ಷದ ಹತ್ತಿರ ಬಂತು. ಅಭಿಮಾನಿಗಳು ಮಾತ್ರ ಹಾಗೇ ಉಳಿದಿದ್ದಾರೆ. ತಂಡವಿಲ್ಲದ ಅಭಿಮಾನಿಗಳಷ್ಟು ಸುಖಿಗಳು ಬೇರೆ ಯಾರಿದ್ದಾರು? ಅವರ ತಂಡ ಈಗ ಸೋಲುವುದೇ ಇಲ್ಲ.

ಮೈದಾನದ ಗೇಟಿನ ಪಕ್ಕದ ಗೋಡೆಗೆ ಹೊಸದಾಗಿ ಸುಣ್ಣ ಬಿತ್ತು. ಅದರ ಮೇಲೆ ಆ ಕಾಲದ ಆಟಗಾರರಲ್ಲಿ ಯೋಗ್ಯರಾದವರ ಹೆಸರು ಬರೆಸಬೇಕೆಂದು ಇವರೆಲ್ಲ ಸೇರಿ ತೀರ್ಮಾನ ಮಾಡಿದರು. ಎಷ್ಟು ಹೆಸರು ಎಂದು ಪೇಂಟರನನ್ನು ಕೇಳಿದರೆ, ಅವನು ಗೇಣು ಹಾಕಿ ಅಳೆದು, "ಐದು ಸಾಲು ಕೂಡ್ತಾವ್ರಿ" ಅಂದ.

"ಇಷ್ಟು ದೊಡ್ಡ ಗೋಡಿಗೆ ಐದೇ? ಕೆಳಗ ಇನ್ನಾ ಅರ್ಧ ಗೋಡಿ ಖಾಲಿ ಐತಲ್ಲೋ!"

"ಅಲ್ಲಿ ಎಮ್ಮಿ ಮೈ ತಿಕ್ಕತಾವ್ರಿ. ಬರದ್ರ ವಾರದಾಗ ಎಮ್ಮಿ ಮ್ಯಾಲ ಹೆಸರು, ಗೋಡಿ ಮ್ಯಾಲ ಸಗಣಿ."

ಹೀಗೆ ನಮ್ಮ ತಂಡದ ಗೌರವಕ್ಕೆ ಎಮ್ಮೆಗಳು ಮಿತಿ ಹಾಕಿದವು. ಮೊದಲ ಎರಡು ಹೆಸರು ತೀರಿಕೊಂಡ ಇಬ್ಬರದು. ಅವರ ಪರವಾಗಿ ಎಲ್ಲರೂ ಮಾತಾಡಿದರು, ಅವರು ಮಾತ್ರ ಏನೂ ಮಾತಾಡಲಿಲ್ಲ. ಆದ್ದರಿಂದ ಸುಲಭವಾಗಿ ಮುಗಿಯಿತು. ಉಳಿದದ್ದು ಮೂರು.

ಮರುದಿನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನನ್ನ ಹಳೆಯ ದೋಸ್ತ ಬಂದ. ತಂಡದ ಗೋಲಕೀಪರ. ಊರಿಗೆಲ್ಲ ಅವನು ಬರೀ "ಗೋಲಿ". ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಹೊತ್ತು ಹೆಗಲು ಒಂದು ಕಡೆ ಇಳಿದಿದೆ. ಪೇಪರಿನಲ್ಲಿ ಸುತ್ತಿದ ಗಂಟನ್ನು ಬಿಚ್ಚಿದ. ಒಳಗೆ ನಾನೇ ಹೊಲಿದ ಹಸಿರು ಅಂಗಿ, ಬೆನ್ನಿಗೆ ಒಂದನೇ ನಂಬರು.

"ಭಾಯ್, ಇದನ್ನೊಂದಿಷ್ಟು ಸಡ್ಲ ಮಾಡಿ ಕೊಡು."

"ಎದಕ್ಕ?"

"ಸುಮ್ನ. ಮೊಮ್ಮಗಳು ನೋಡ್ಬೇಕಂತಾಳ."

ಮೊಮ್ಮಗಳು ನೋಡಲಿಕ್ಕೆ ಅಂಗಿ ಸಡಿಲ ಆಗಬೇಕಿಲ್ಲ ಎಂದು ನಾನು ಹೇಳಲಿಲ್ಲ. ಹೊಲಿಗೆಯ ಒಳಗೆ ಬಿಡಲಿಕ್ಕೆ ಬಟ್ಟೆಯೂ ಇಲ್ಲ ಎಂದೂ ಹೇಳಲಿಲ್ಲ. ಗೋಡೆಯ ಮೇಲೆ ತನ್ನ ಹೆಸರು ಬಂದರೆ ಆವತ್ತು ಹಾಕಿಕೊಳ್ಳಬೇಕೆಂದು ಅವನ ಮನಸ್ಸಿನಲ್ಲಿದೆ. ಬಾಯಿ ಬಿಟ್ಟು ಕೇಳುವವನಲ್ಲ.

ಆ ದಿನ ನಮಾಜು ಮುಗಿಸಿ ಕೈ ಎತ್ತಿದಾಗ, ಇಷ್ಟು ಸಣ್ಣ ಸಂಗತಿಗೆ ಮೇಲಿನ ಮಾಲಿಕನ ಹತ್ತಿರ ಅರ್ಜಿ ಹಾಕಬಹುದೇ ಎಂದು ನಾಚಿಕೆ ಬಂತು. ಇರುವೆಯ ಹೆಜ್ಜೆ ಸಪ್ಪಳ ಕೇಳುವವನಿಗೆ ಗೋಲಿಯ ಹೆಸರು ಭಾರವೇ ಎಂದು ಕೇಳಿಯೇ ಬಿಟ್ಟೆ. ಪೇಂಟರನ ಬುದ್ಧಿ ಬದಲಾಗಿ ಸಾಲು ಆರಾಗಲಿ ಎಂದೂ ಸೇರಿಸಿದೆ. ಆಗಲಿಲ್ಲ. ಎಮ್ಮೆಗಳ ಅರ್ಜಿ ನನಗಿಂತ ಮೊದಲು ತಲುಪಿತ್ತು.

ಅಳತೆ ಪುಸ್ತಕದ ಸಾಕ್ಷಿ

ಸುದ್ದಿ ಸಿಂಧನೂರಿಗೂ ಹೋಯಿತು. ಅಲ್ಲಿಂದ ಒಬ್ಬ ದೊಡ್ಡ ಅಕ್ಕಿ ವ್ಯಾಪಾರಿ ಕಾರಿನಲ್ಲಿ ಬಂದಿಳಿದರು. ಬೆಂಚಿನ ಮೇಲೆ ಮೂವರ ಜಾಗದಲ್ಲಿ ಒಬ್ಬರೇ ಕೂತು, "ನಾನೂ ನಾಕು ವರ್ಷ ಈ ತಂಡದಾಗ ಇದ್ದೆ. ಮೂರನೇ ಹೆಸರು ನಂದಾಗ್ಬೇಕು" ಅಂದರು.

ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಹತ್ತಿರ ಅಳತೆ ಪುಸ್ತಕಗಳಿವೆ. ಅಂಗಡಿ ತೆರೆದಂದಿನಿಂದ ಒಂದನ್ನೂ ಎಸೆದಿಲ್ಲ. ಒಬ್ಬ ಮನುಷ್ಯ ಒಂದು ದಿನ ಇಷ್ಟು ಎತ್ತರ, ಇಷ್ಟು ಎದೆ ಇದ್ದ ಎಂಬುದೂ ಆ ಮಾಲಿಕನ ಕೆಲಸದ ಗುರುತೇ ಅಲ್ಲವೇ, ರದ್ದಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಆ ಕಾಲದಲ್ಲಿ ತಂಡದವರ ಅಳತೆಯನ್ನು ಪ್ರತಿ ವರ್ಷ ನಾನೇ ತೆಗೆಯುತ್ತಿದ್ದೆ. ಅಳತೆ ಇದ್ದರೆ ತಂಡದಲ್ಲಿ ಇದ್ದಂತೆ, ಇಲ್ಲದಿದ್ದರೆ ಇಲ್ಲ.

ಧೂಳು ಕೊಡವಿ ಹುಡುಕಿದೆ. ಸಿಕ್ಕಿತು! ವ್ಯಾಪಾರಿಯ ಮುಖ ಅರಳಿತು. "ಓದ್ರಿ ಸಾಬ್ರೇ, ಜೋರಾಗಿ ಓದ್ರಿ."

ಓದಿದೆ. "ಸೊಂಟ ಇಪ್ಪತ್ತಾರು."

ಬೆಂಚು ನಕ್ಕಿತು. ವ್ಯಾಪಾರಿಯೂ ತಮ್ಮ ಹೊಟ್ಟೆ ಮುಟ್ಟಿಕೊಂಡು ನಕ್ಕರು. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಓದಬಾರದಿತ್ತೇನೋ, ಆದರೆ ಸುಳ್ಳು ಹೇಳುವ ವಯಸ್ಸಲ್ಲ ನನ್ನದು. "ಚಡ್ಡಿಗೆ ದೊಡ್ಡ ಜೇಬು ಎರಡು. ಲಿಂಬಿಹಣ್ಣು ಇಡಲಿಕ್ಕೆ."

ಆಟಗಾರರ ಚಡ್ಡಿಗೆ ನಾನು ಜೇಬು ಇಡುತ್ತಿರಲಿಲ್ಲ. ಅರ್ಧ ಆಟ ಮುಗಿದಾಗ ಲಿಂಬೆಹೋಳು ಹಂಚುವವನಿಗೆ ಮಾತ್ರ ಇಟ್ಟಿದ್ದೆ.

ವ್ಯಾಪಾರಿ, "ಲಿಂಬಿಹಣ್ಣು ಇಲ್ದ ಇವರ್ಯಾರು ಓಡ್ತಿದ್ರು ಕೇಳ್ರಿ" ಅಂದರು. ಅದೂ ಖರೆ. ಗೋಡೆಯ ಮೇಲೆ ಜಾಗ ಸಿಗಲಿಲ್ಲ. ಆದರೆ ಹೋಗುವ ಮುಂದೆ ಎಲ್ಲರಿಗೂ ಚಹಾ ತರಿಸಿ, ತಾವೇ ಕಪ್ಪು ಹಿಡಿದು ಒಬ್ಬೊಬ್ಬರಿಗೂ ಹಂಚಿದರು. ಕೈ ಮರೆತಿರಲಿಲ್ಲ.

ಸಾಲಗುಂದದ ಸೊಟ್ಟ ಸಾಲು

ಮೂರನೇ ಹೆಸರು ಸೆಂಟರ್ ಆಡಿದವನಿಗೆ ಕೊಡಬೇಕೆಂದು ಹಲವರು, ಬೇಡವೆಂದು ಕೆಲವರು. ಸಾಲಗುಂದದ ಒಂದು ಪಂದ್ಯವನ್ನು ಅವನು ಅರ್ಧಕ್ಕೆ ಬಿಟ್ಟು ಓಡಿದ್ದನೆಂಬುದು, ಅಂದು ಅಲ್ಲಿಗೆ ಹೋಗದೇ ಇದ್ದವರ ತಕರಾರು. ಅಷ್ಟರಲ್ಲಿ ಕುಪ್ಪಸ ಒಯ್ಯಲು ಬಂದ ಸಾಲಗುಂದದ ಅಜ್ಜಿಯೊಬ್ಬಳು ಬಾಗಿಲಲ್ಲೇ ನಿಂತು, "ಓಡಿ ಹೋಗಿದ್ದಿಲ್ರೋ. ನಾವs ಹಿಡಕೊಂಡಿದ್ವಿ" ಅಂದಳು.

ಸಾಲಗುಂದದ ಆ ಬಯಲಿನ ಪಕ್ಕಕ್ಕೇ ಕಾಲುವೆ ನೀರಿನ ಗದ್ದೆ. ನೆಲ್ಲು ಹಚ್ಚುವ ದಿನಗಳು. ಚೆಂಡು ಗದ್ದೆಗೆ ಬಿತ್ತು, ಸೆಂಟರಿನವನು ತರಲು ಓಡಿದ. ನಾಟಿ ಮಾಡುವ ಹೆಣ್ಣುಮಕ್ಕಳು ಚೆಂಡನ್ನು ಉಡಿಯಲ್ಲಿ ಕಟ್ಟಿಕೊಂಡು ಕೂತರು. ನಾಟಿ ನಡೆದಾಗ ಗದ್ದೆಗೆ ಕಾಲಿಟ್ಟ ಗಂಡಸು ಅವರಿಗೆ ಖುಷಿಯೆಂದು ನಾಲ್ಕು ಕಾಸಾದರೂ ಕೊಟ್ಟೇ ಹೋಗಬೇಕು, ಅದು ಅಲ್ಲಿಯ ಪದ್ಧತಿ.

"ಏನೂ ಇಲ್ಲಬೇ ಅಕ್ಕಾ, ಚಡ್ಡಿಗೆ ಜೇಬs ಇಲ್ಲ" ಅಂದನಂತೆ. ಅದಕ್ಕೆ ನಾನೇ ಹೊಣೆ.

"ಹಂಗಾದ್ರ ಒಂದು ಸಾಲು ಹಚ್ಚು, ಚೆಂಡು ಒಯ್ಯಿ."

ಹಚ್ಚಿದ. ಎರಡೂ ತಂಡದವರು ಬದುವಿನ ಮೇಲೆ ಸಾಲಾಗಿ ನಿಂತು ನೋಡಿದರಂತೆ. ಆಮೇಲೆ ಕೆಸರುಗಾಲಲ್ಲೇ ಬಂದು ಗೋಲು ಹೊಡೆದು ಗೆಲ್ಲಿಸಿದ.

ಅಜ್ಜಿ ಕುಪ್ಪಸ ಕಂಕುಳಿಗೆ ಸಿಕ್ಕಿಸಿಕೊಂಡು ತೀರ್ಪು ಕೊಟ್ಟಳು: "ಅವ ಗೋಲು ಹೆಂಗ ಹೊಡದನೋ ನನಗ ಗೊತ್ತಿಲ್ಲ. ಅವ ಹಚ್ಚಿದ ಸಾಲು ಕೊಯ್ಯೋತನಾ ಸೊಟ್ಟ ಇತ್ತು. ಆದ್ರ ದೇವ್ರು ಅದ್ರಾಗೂ ನೆಲ್ಲು ಕೊಟ್ಟ. ಅವಗ ದೇವ್ರs ಇಲ್ಲಂದಿಲ್ಲ, ನೀವ್ಯಾರು ಇಲ್ಲನ್ನಾಕ?"

ಮೂರನೇ ಹೆಸರು ಅಲ್ಲಿಗೆ ಗಟ್ಟಿಯಾಯಿತು.

ಅಧ್ಯಕ್ಷರ ಸೊನ್ನೆ

ಈ ಎಲ್ಲ ಸಭೆಗೆ ಒಬ್ಬರು ಅಧ್ಯಕ್ಷರಿದ್ದರು. ಈಗ ಗೊಬ್ಬರದ ಅಂಗಡಿ ಮಾಲೀಕರು, ಆಗ ತಂಡದ ಬ್ಯಾಕ್. ನಾಲ್ಕನೇ ಹೆಸರು ಯಾರದೆಂದು ಅಧ್ಯಕ್ಷರು ಕೇಳಿದರು, ಅವರೇ ಕೈ ಎತ್ತಿದರು, ಸಭೆ ಒಪ್ಪಿತು. ಆಟವೂ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ತಲೆಗೊಂದು ಕೆಂಪು ವಸ್ತ್ರ ಕಟ್ಟಿ ಆಡುತ್ತಿದ್ದರು. ತಂಡದಲ್ಲಿ ಅದು ಅವರೊಬ್ಬರಿಗೇ. ನನ್ನ ಪುಸ್ತಕದಲ್ಲಿ ಅವರ ಅಳತೆಯ ಪಕ್ಕ "ಕೆಂಪು ತುಂಡು ಒಂದು" ಎಂದು ಇಂದಿಗೂ ಇದೆ. ಹೆಸರಿನ ಜೊತೆ ಆ ವಸ್ತ್ರದ ಚಿತ್ರವೂ ಇರಲೆಂದು ಪೇಂಟರನಿಗೆ ಹೇಳಿದ್ದರು.

ತೊಂದರೆ ಬಂದದ್ದು ಖಾನೆಯಿಂದ. ಹೆಸರು, ಆಡಿದ ಜಾಗ, ಹೊಡೆದ ಗೋಲು ಎಂದು ಪೇಂಟರ ಮೂರು ಖಾನೆ ಎಳೆದಿದ್ದ. ಅಧ್ಯಕ್ಷರು ಇಡೀ ಆಯುಷ್ಯದಲ್ಲಿ ಒಂದೂ ಗೋಲು ಹೊಡೆದಿರಲಿಲ್ಲ.

"ಗೋಲಿನ ಖಾನಿ ಯಾಕ ಬೇಕಪ್ಪಾ? ತಗದಬಿಡು."

"ಬ್ಯಾಕ್ ಆಡಿದವ್ರು ಗೋಲು ಹೊಡೀದಿದ್ರ ತಪ್ಪಲ್ರಿ" ಎಂದು ಎದುರಿನ ಚಹಾ ಹೋಟೆಲಿನವ ಸಮಾಧಾನ ಹೇಳಿದ.

"ತಪ್ಪಲ್ಲೋ ಮಾರಾಯಾ. ಆದ್ರ ಸೊನ್ನಿ ದೂರದಿಂದs ಕಾಣ್ತದ. ನನ್ನ ಹೆಂಡ್ತಿ ತವರಮನಿಯವ್ರು ಲಿಂಗಸುಗೂರಿನಿಂದ ಇದೇ ರಸ್ತೇಲಿ ಬರ್ತಾರ."

ಖಾನೆ ಹೋಗಲಿಲ್ಲ. ಆ ಸಿಟ್ಟಿನಲ್ಲೇ ಅಧ್ಯಕ್ಷರು ಐದನೇ ಹೆಸರಿಗೆ ಬಂದರು. ನಾನು ಮಷೀನು ನಿಲ್ಲಿಸಿ, "ಗೋಲಿ" ಅಂದೆ. ಮೂಲೆಯಲ್ಲಿ ಪೇಪರು ಓದುತ್ತಿದ್ದ ಗೋಲಿ ಪೇಪರನ್ನು ಇನ್ನಷ್ಟು ಮುಖದ ಹತ್ತಿರ ಹಿಡಿದ.

"ಯಾರ ಹೆಸರಾದ್ರೂ ಹೇಳ್ರಿ, ಅವನ್ದು ಬ್ಯಾಡ" ಅಂದರು ಅಧ್ಯಕ್ಷರು. "ಲಿಂಗಸುಗೂರಿನ ಫೈನಲ್ ಕಳದವ ಅವ. ಚೆಂಡು ಬರೋ ಹೊತ್ತಿನಾಗ ಕೈ ಮುಗಕೊಂಡು ನಿಂತಿದ್ದ."

ನಿಂತಿದ್ದು ನಿಜ. ನಾನೂ ಅಲ್ಲಿದ್ದೆ. ಆಟ ಮುಗಿಯಲು ಬಂದಿತ್ತು, ಇಬ್ಬರದೂ ಸಮ. ಮೈದಾನದ ಪಕ್ಕದ ರಸ್ತೆಯಲ್ಲಿ ಒಂದು ಜನಾಜಾ ಬಂತು. ಬಾಜಾ ಇಲ್ಲ, ಪಟಾಕಿ ಇಲ್ಲ. ಮೆಲ್ಲಗೆ ಕಲಿಮಾ ಹೇಳುತ್ತ ಹೆಗಲ ಮೇಲೆ ಹೊತ್ತು ಹೊರಟಿದ್ದರು. ನಮ್ಮ ಕಡೆ ಹೆಣ ಹೊರಟರೆ ಯಾರ ಮನೆಯದೇ ಆಗಲಿ, ಅಂಗಡಿಯವರೂ ಬಾಗಿಲು ಅರ್ಧ ಎಳೆದು ಎದ್ದು ನಿಲ್ಲುತ್ತಾರೆ. ನೋಡುವ ಮಂದಿ ಎದ್ದು ಆ ಕಡೆ ತಿರುಗಿತು. ನಾನು ಕಣ್ಣು ಮುಚ್ಚಿ ದುವಾ ಮಾಡಿದೆ. ಗೋಲಿ ಕಂಬದ ಪಕ್ಕ ರಸ್ತೆಗೆ ಮುಖ ಮಾಡಿ ಕೈ ಮುಗಿದ. ಕಣ್ಣು ತೆರೆಯುವುದರೊಳಗೆ ಚೆಂಡು ಬಲೆಯಲ್ಲಿತ್ತು. ಜನಾಜಾ ದಾಟಿ ಹೋದ ಮೇಲೆ, ಗೋಲಿನ ಹತ್ತಿರವೇ ನಿಂತಿದ್ದ ಲಿಂಗಸುಗೂರಿನ ಹುಡುಗನನ್ನು ಅವರ ಮಂದಿ ಹೆಗಲ ಮೇಲೆ ಎತ್ತಿ ಕುಣಿದರು. ಅವನೂ ಬೇಡ ಅನ್ನಲಿಲ್ಲ.

ಅಂದಿನಿಂದ ಮಸ್ಕಿಯಲ್ಲಿ ಯಾವ ಕೆಲಸ ಕೆಟ್ಟರೂ, ಮಳೆ ತಪ್ಪಿದರೂ, ಬಸ್ಸು ತಪ್ಪಿದರೂ, "ಗೋಲಿ ನಿಂತಂಗಾತು ನೋಡು" ಅನ್ನುತ್ತಾರೆ. ಅವನ ಎದುರಿಗೇ ಅನ್ನುತ್ತಾರೆ. ಅವನು ನಕ್ಕುಬಿಡುತ್ತಾನೆ.

ಒಂದು ಅಂತ ಬರಿ

ಕೊನೆಯ ಸಭೆ. ಮೊದಲ ನಾಲ್ಕು ಹೆಸರು ಬರೆದು ಮುಗಿಸಿದ ಪೇಂಟರ ಬ್ರಷ್ಷು ಹಿಡಿದುಕೊಂಡೇ ಬಂದು ಕೂತಿದ್ದ. ಅಧ್ಯಕ್ಷರ ಸೊನ್ನೆಗೆ ಮಾತ್ರ ಅವರ ಅಪ್ಪಣೆ ಬೇಕಾಗಿತ್ತು. ಐದನೆಯದಕ್ಕೆ ಮತ್ತೆ ಅದೇ ಜಗಳ, "ಹೆಣಕ್ಕ ಕೈ ಮುಗದು ಕಪ್ಪು ಕಳದವ" ಎಂದು ಅಧ್ಯಕ್ಷರ ಅದೇ ಮಾತು.

ನನ್ನ ಹತ್ತಿರ ಗುಂಡಿ ಕೊಳ್ಳುತ್ತಿದ್ದ ಒಬ್ಬ ಬಳೆ ವ್ಯಾಪಾರಿ ತಿರುಗಿ ನೋಡಿದ. ಲಿಂಗಸುಗೂರಿನವ, ಸಂತೆಗೆ ಬಂದಿದ್ದ. "ಯಾವ ಹೆಣದ ಮಾತ್ರಿ ಅದು? ಫುಟ್‌ಬಾಲ್ ನಡದಾಗ ಮೈದಾನದ ಬಾಜೂಕ ಹೋದದ್ದೇನು?"

"ಹೌದು. ನಿಮಗ್ಯಾಂಗ ಗೊತ್ತು?"

"ಅದು ನಮ್ಮ ಅಬ್ಬಾಂದು. ಮುಂದಿನ ಹೆಗಲು ನಂದು." ಅವನು ಗುಂಡಿಗಳನ್ನು ಕೆಳಗಿಟ್ಟ. "ಗೋಲಕಂಬದಾಗ ಕೈ ಮುಗದು ನಿಂತಾಂವ ಯಾರು? ಎಷ್ಟು ವರ್ಷದಿಂದ ಕೇಳಾಕತ್ತೀನಿ, ಯಾರೂ ಹೇಳವಲ್ರು."

ನಾನು ಮೂಲೆಯ ಪೇಪರಿನ ಕಡೆ ಬೆರಳು ತೋರಿಸಿದೆ. ಬಳೆ ವ್ಯಾಪಾರಿ ಹೋಗಿ ಗೋಲಿಯ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡ. ನನಗೂ ಸೂಜಿಗೆ ದಾರ ಕಾಣದಂತಾಯಿತು.

ಹೋಟೆಲಿನವನೇ ಕೇಳಿದ: "ಅದೆಲ್ಲಾ ಸರಿ. ಆದ್ರ ಆ ಹೊತ್ತಿನಾಗs ಗೋಲು ಹೊಡದ್ರಲ್ಲ ನಿಮ್ಮೂರವ್ರು, ಅದು ನ್ಯಾಯೇನು?"

"ನಮ್ಮೂರವ್ರೆಲ್ಲಿ ಹೊಡದ್ರು? ನಮ್ಮ ಹುಡುಗ್ರೆಲ್ಲಾ ನಿಂತಬಿಟ್ಟಿದ್ರು. ನಿಮ್ಮವನs ಒಬ್ಬ ರಸ್ತೆಗೆ ಬೆನ್ನು ಮಾಡಿದ್ದ, ಅವಗ ಸಪ್ಪಳ ಕೇಳಲಿಲ್ಲ. 'ಗೋಲೀ, ತೊಗೋ' ಅಂತಂದು ಹಿಂದಕ್ಕ ಒದ್ದ, ಚೆಂಡು ಹೋಗಿ ಬಲಿಯಾಗ ಕುಂತು. ಅಬ್ಬಾನ ಹೊತ್ತ ಹೆಗಲಿಂದs ನೋಡೀನಿ."

"ನಮ್ಮವ ಅಂದ್ರ ಯಾರು?"

"ಮುಖ ನೆನಪಿಲ್ಲ. ತಲಿಗೆ ಕೆಂಪು ವಸ್ತ್ರ ಕಟ್ಟಿದ್ದ."

ಅಳತೆ ಪುಸ್ತಕ ತೆರೆಯುವ ಅವಶ್ಯಕತೆ ಬರಲಿಲ್ಲ. ಬೆಂಚಿನ ಮೇಲಿದ್ದವರ ತಲೆಗಳೆಲ್ಲ ಒಂದೇ ಕಡೆ ತಿರುಗಿದವು. ಅಧ್ಯಕ್ಷರು ಚಹಾ ಕುಡಿಯುತ್ತಿದ್ದರು. ಕಪ್ಪು ಖಾಲಿಯಾಗಿ ಬಹಳ ಹೊತ್ತಾಗಿತ್ತು, ಆದರೂ ಕುಡಿಯುತ್ತಿದ್ದರು.

ನಾನು ಗೋಲಿಯನ್ನು ಕೇಳಿದೆ: "ನಿನಗ ಗೊತ್ತಿತ್ತೇನೋ?"

"ಧ್ವನಿ ಕೇಳಿದ್ನಲ್ಲ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಮುಂದಿನ ತಿಂಗಳು ಇವನ ಮದುವಿ ಇತ್ತು ಭಾಯ್. ಲಿಂಗಸುಗೂರಿನ ಹುಡುಗಿ. ಮಾವ ಆಗಾಂವ ಆಟ ನೋಡಾಕ ಬಂದು ಕುಂತಿದ್ದ. ತನ್ನ ತಂಡಕ್ಕs ಗೋಲು ಹೊಡಿಯೋ ಅಳಿಯಗ ಯಾರು ಹೆಣ್ಣು ಕೊಡ್ತಾರ?" ಅಂದ. "ಮದುವಿ ಆದಮ್ಯಾಲ ಹೇಳಿದ್ರಾತು ಅನಕೊಂಡೆ. ಆಮ್ಯಾಲ ಮಕ್ಕಳಾದ್ವು."

ಅಧ್ಯಕ್ಷರು ಎದ್ದರು. "ಪೇಂಟರ್, ನನ್ನ ಹೆಸರು ಅಳಸು. ಅಲ್ಲಿ ಇವನ್ದು ಬರಿ."

"ಅಳಸೋದೇನೂ ಬ್ಯಾಡ" ಅಂದ ಗೋಲಿ. ಇಷ್ಟು ದಿನದ ಸಭೆಗಳಲ್ಲಿ ಅವನು ಬಾಯಿ ಬಿಟ್ಟು ಕೇಳಿದ್ದು ಇದೊಂದೇ: "ಇರಲಿ ಬಿಡು, ಆಟ ಆಡ್ಯಾನ. ನನ್ದು ಅವನ ಕೆಳಗs ಬರಿ, ನಾ ಯಾವಾಗ್ಲೂ ಅವನ ಹಿಂದs ನಿಂತಾಂವ. ಆದ್ರ ಆ ಸೊನ್ನಿ ಬರೀಬ್ಯಾಡ, ಅದು ಸುಳ್ಳಾಗ್ತದ. ಒಂದು ಅಂತ ಬರಿ."

ಬೆಂಚಿನ ಕಾಲು ಮುರಿದದ್ದು ಆಗಲೇ. ಅಷ್ಟು ಮಂದಿ ಒಟ್ಟಿಗೆ ನಕ್ಕರೆ ತಡೆಯುವ ಬೆಂಚಲ್ಲ ಅದು.

ಹೆಸರುಗಳ ಉದ್ಘಾಟನೆಯ ದಿನ ಗೋಲಿ ಹಸಿರು ಅಂಗಿ ಹಾಕಿಕೊಂಡು ಬಂದ. ಎರಡೂ ಬಗಲಿಗೆ ಕೆಂಪು ಪಟ್ಟಿ. ಹಸಿರು ಬಟ್ಟೆ ಸಿಗದೆ ನಾನು ಪರದಾಡುತ್ತಿದ್ದಾಗ ಅಧ್ಯಕ್ಷರೇ ಮನೆಯ ಟ್ರಂಕಿನಿಂದ ತಲೆಗೆ ಕಟ್ಟುತ್ತಿದ್ದ ಆ ವಸ್ತ್ರವನ್ನು ತಂದು ಮಷೀನಿನ ಮೇಲೆ ಇಟ್ಟು ಹೋಗಿದ್ದರು. ನನ್ನ ಅರ್ಜಿ ತಲುಪಿತ್ತು ಎಂದುಕೊಂಡೆ. ಆ ಮಾಲಿಕನ ಮನೆಯಲ್ಲಿ ತಡವಾಗುತ್ತದೆ, ಕಳೆದುಹೋಗುವುದಿಲ್ಲ.

ಅಧ್ಯಕ್ಷರ ಹೆಂಡತಿಯ ತವರಿನವರು ಲಿಂಗಸುಗೂರಿನಿಂದ ಬಂದಾಗ ಗೋಡೆಯ ಮುಂದೆ ಗಾಡಿ ನಿಲ್ಲಿಸಿ ಓದಿದರಂತೆ. "ಬ್ಯಾಕ್ ಆಡಿ ಗೋಲೂ ಹೊಡದೀರೇನ್ರಿ! ಎಲ್ಲಿ ಹೊಡದ್ರಿ?"

"ನಿಮ್ಮೂರಾಗs" ಅಂದರಂತೆ ಅಧ್ಯಕ್ಷರು. "ಫೈನಲ್‌ನ್ಯಾಗ. ಆವತ್ತು ನಿಮ್ಮೂರ ಮಂದಿ ಕುಣದದ್ದು ಕುಣದದ್ದೇ."